ಕಂಪನ ಪತ್ತೆಯಾಗಿದೆ

ಟಾಂಗಾ ಕೂಟದ ನನ್ನ ಮೊಬೈಲ್ ರಿಪೇರಿ ಅಂಗಡಿಗೆ
ಪಾರ್ಸಲ್‌ನ್ಯಾಗ ಒಂದು ಡಜನ್ ಬಂದ್ವು,
ಕೊಬ್ಬರಿ ವಡಿಯಷ್ಟ ಬೆಳ್ಳಗ, ವಡಿಯಷ್ಟ ದಪ್ಪ,
ಬೆನ್ನಿಗೆ ಅಂಟು, ಹೊಟ್ಟ್ಯಾಗ ಒಂದು ಗುಂಡನ ಸೆಲ್ಲು.
ಅಂಟಿಸಿದ್ದು ಅಲುಗಿದ್ರ ಮೊಬೈಲಿಗೆ ಒಂದು ಸಾಲು,
ಅದೂ ಶುದ್ಧ ಪುಸ್ತಕದ ಕನ್ನಡದಾಗ:
ಕಂಪನ ಪತ್ತೆಯಾಗಿದೆ.

ಒಂದು ಮಾರಾಟ ಆತು, ಬುಲೆಟ್ ಗಾಡಿಯ ಹುಡುಗಗ.
ಉಳಿದ ಹನ್ನೊಂದು ಬೆಟಗೇರಿಗೆ, ಮನಿಗೆ ಒಯ್ದೆ.
"ಮಾರಲಾರದ್ದೆಲ್ಲ ಮನಿಗೇ" ಅಂದ್ಲು ಕಸ್ತೂರಿ,
ಆಸ್ಪತ್ರಿಯ ರಾತ್ರಿಪಾಳಿ ಮುಗಿಸಿ ಬಂದು
ಬಾಗಲದಾಗ ಬೂಟು ಬಿಚ್ಚಿಕೋಂತ.

ಮೊದಲನೇದು ನಳದ ಪೈಪಿಗೆ.
ನಮ್ಮ ಓಣಿಗೆ ನೀರು ಹನ್ನೊಂದು ದಿನಕ್ಕೋ ಹದಿನಾಲ್ಕಕ್ಕೋ;
ವಾಲ್ವ್ ತಿರುವೋ ಮೌಲಾಸಾಬನ ಮರ್ಜಿ,
ಮೌಲಾಸಾಬಗ ಮೋಟರಿನ ಮರ್ಜಿ, ಮೋಟರಿಗೆ ಕರೆಂಟಿನ ಮರ್ಜಿ.
ನೀರಿಗಿಂತ ಮೊದಲ ಗಾಳಿ ಬರತೈತಿ,
ಮೈಕಿನ ಮುಂದ ನಿಂತ ಬೀಗರಂಗ ಪೈಪು ಕೆಮ್ಮತೈತಿ.
ಆ ಕೆಮ್ಮು ಹಿಡಿದು ಡಬ್ಬಿ ನನ್ನ ಎಬ್ಬಿಸ್ತು
ರಾತ್ರಿ ಎರಡೂ ಹತ್ತಕ್ಕ.
ಟಾಕಿ ತುಂಬ್ತು, ಬ್ಯಾರಲ್ ತುಂಬ್ತು,
ಹಂಡೇವು, ಕೊಡ, ಕಡೀಕ ಕುಕ್ಕರು ಸಹಿತ.
ಆ ಮುಂಜಾನೆ ಕಸ್ತೂರಿ ಏನೂ ಅನ್ನಲಿಲ್ಲ.

ಅನ್ನಲಿಲ್ಲಂತ ನನಗ ಹುರುಪು ಬಂತು.

ಬಟ್ಟಿ ಒಗಿಯೋ ಮಷೀನಿಗೆ ಒಂದು,
ಅದು ನಡುಗಿಕೋಂತ ಬಾಗಲತನ ನಡದು ಬಂದ್ರೂ ತಿಳೀಲಂತ.
ಮೊಸರಿನ ಗಡಿಗಿಗೆ ಒಂದು:
ಹೆಪ್ಪು ಕೂತದ್ದು ತಿಳೀಲಿಲ್ಲ, ಬೆಕ್ಕು ಬಂದದ್ದು ತಿಳೀತು.
ಮಂಚಕ್ಕ ಹಚ್ಚಿದ್ದು ನನ್ನ ಗೊರಕಿಯ ಲೆಕ್ಕ ಕೊಟ್ಟಿತು,
ಆರುನೂರಾ ಹನ್ನೆರಡು;
ಹೊರಗ ಲಾರಿ ಹೋಗಿರಬೇಕು ಅಂದೆ.
ಕಿಟಕಿಯದು ಆಷಾಢದ ಗಾಳಿಗೆ ಸಿಕ್ಕು
ಪತ್ತೆಯಾಗಿದೆ ಪತ್ತೆಯಾಗಿದೆ ಅಂತ ಒದರಿ ಒದರಿ
ಮೂರು ದಿನಕ್ಕ ಸೆಲ್ಲು ಸತ್ತಿತು. ಗಾಳಿ ಸಾಯಲಿಲ್ಲ.
ಮಗಳು ಮೂರು ಸಾಲಿಗೆ ಒಯ್ದು ಭೂಕಂಪದ ಮಾಡೆಲ್ ಮಾಡಿದ್ಲು.
ಎರಡನೇ ಬಹುಮಾನ. ಮೊದಲನೇದು ಜ್ವಾಲಾಮುಖಿಗೆ.

ಶೇಂಗಾ ಉಂಡಿ ಡಬ್ಬಿಗೆ ಹಚ್ಚಿದಾಕಿ ಕಸ್ತೂರಿ.
ನನಗ ಸಕ್ಕರಿ ಕಾಯಿಲೆ, ಆಕಿಗೆ ವಾರ್ಡಿನ ಡ್ಯೂಟಿ.
ಮುಚ್ಚಳ ಎತ್ತಿ ಎರಡು ನಿಮಿಷ ಆಗಿಲ್ಲ, ಫೋನು:
"ಒಂದೋ, ಎರಡೋ?"

ಗ್ವಾಡಿಗೆ ಹಚ್ಚಿದ್ದಕ್ಕ ಮಾತ್ರ ಕಾರಣ ಇರಲಿಲ್ಲ.
ಆ ಗ್ವಾಡಿಯ ಆಚೆ ಫಕೀರವ್ವ.
ನಸುಕಿನ ಮೂರೂ ನಲವತ್ತಕ್ಕ ಶುರು,
ಖಾನಾವಳಿಗೆ ಕೊಡೋ ಎಂಬತ್ತು ರೊಟ್ಟಿ,
ರೊಟ್ಟಿಗೆ ನಲವತ್ತರ ಮ್ಯಾಲ ಬಡಿತ,
ನಡುವ ತಿರುವಿ ಹಾಕೋವಷ್ಟು ಮೌನ.
ಮೊಬೈಲಿನ ಪರದಿ ಮ್ಯಾಲ ಹಲ್ಲು ಹಲ್ಲಾದ ಗೆರಿ.
ಕಸ್ತೂರಿ ನೋಡಿದ್ಲು, ಇಸಿಜಿ ನೋಡೋ ಕಣ್ಣಿಲೇ:
"ಇಪ್ಪತ್ತರ ಮುಂದ ಕೈ ಸೋಲತೈತಿ ನೋಡ್ರಿ,
ಮಣಿಕಟ್ಟು ನೋಯ್ತಿರಬೇಕು."
ಸಂಜಿಕ ಮುಲಾಮು ಒಯ್ದು ಕೊಟ್ಟು ಬಂದ್ಲು.
"ನಿನಗ ಯಾರು ಹೇಳಿದ್ರವ್ವಾ?"
ಕಸ್ತೂರಿ ಸುಳ್ಳು ಹೇಳಲಿಲ್ಲ, ಖರೇನೂ ಹೇಳಲಿಲ್ಲ.

ಆ ರಾತ್ರಿ ನನಗ ನಿದ್ದಿ ಹತ್ತಲಿಲ್ಲ.
ಹದಿನೆಂಟು ವರ್ಷ ಆ ಸಪ್ಪಳ ಕೇಳೀನಿ,
ಕೇಳಿಕೋಂತನ ಮಗ್ಗಲ ಬದಲಿಸೀನಿ.
ಎಣಿಸಿದ್ದು ಮಾತ್ರ ಇದ ಮೊದಲು.
ಡಬ್ಬಿ ಕಿತ್ತೆ. ಸುಣ್ಣ ಕಿತ್ತು ಬಂತು,
ವಡಿಯಷ್ಟ ಒಂದು ಗುರ್ತು ಉಳೀತು.

ಮುಂದ ನೀರು ಬಂದ ರಾತ್ರಿ
ಪೈಪಿನ ಸೆಲ್ಲು ಖಾಲಿ, ನಾನು ಗೊರಕಿಯೊಳಗ.
ಆಚೆಯಿಂದ ಲಟ್ಟಣಿಗಿಲೇ ಗ್ವಾಡಿಗೆ ಮೂರು ಏಟು:
"ನೀರು ಬಂದಾವ, ಏಳ್ರೋ!"

ಇನ್ನ ಹನ್ನೊಂದನೇದು ಎಲ್ಲಿ ಅಂಟಿಸೀನಿ, ನೆನಪಿಲ್ಲ.
ಕಪಾಟಿನ ಹಿಂದ, ಮೆಟ್ಟಿಲಿನ ಕೆಳಗ, ಹುಡುಕಿದ್ದಾತು.
ಒಮ್ಮೊಮ್ಮೆ ಮಧ್ಯಾಹ್ನ, ಮನಿಗೆ ಬೀಗ ಬಿದ್ದಾಗ,
ಅಂಗಡ್ಯಾಗ ಯಾರದೋ ಫೋನಿನ ಸ್ಕ್ರೂ ಬಿಚ್ಚಿಕೋಂತ ಕೂತಾಗ,
ನನ್ನ ಫೋನು ಮೆಲ್ಲಕ ಅಂತೈತಿ
ಕಂಪನ ಪತ್ತೆಯಾಗಿದೆ.