ಕೈಯಲ್ಲಿ ಎರಡು

ವೇಟೆ ಬಂದರದ ಹಿಂದಿನ ಲವಂಗದ ಗೋದಾಮಿನಲ್ಲಿ
ಆಗ ನಾನು ಗುಮಾಸ್ತ. ಖೆಲೆಫ್ ಅಂದರೆ ಲೆಕ್ಕ, ಲೆಕ್ಕ ಅಂದರೆ ಖೆಲೆಫ್,
ಹಾಗಂತ ನಾನೇ ಹೇಳಿಕೊಳ್ಳುತ್ತಿದ್ದೆ.
ಕಿವಿಯ ಮೇಲೆ ಪೆನ್ಸಿಲು. ಹದಿನಾರರ ಮಗ್ಗಿ ನಿದ್ದೆಯಲ್ಲೂ ಬಾಯಿಗೆ ಬರುತ್ತಿತ್ತು.
ಆ ತಿಂಗಳು ಪೆಂಬಾ ದ್ವೀಪಕ್ಕೆ ದ್ವೀಪವೇ ಘಾಟು:
ಅಂಗಳ, ರಸ್ತೆ, ಮಸೀದಿಯ ಮೆಟ್ಟಿಲ ಪಕ್ಕ,
ಚಾಪೆ ಹಾಸಿದಲ್ಲೆಲ್ಲ ಮೊಗ್ಗು ಒಣಗಿ ಕಂದಾಗುತ್ತಿತ್ತು.

ಜುವೇನಾಳ ಗುಂಪಿನಲ್ಲಿ ಎಂಟು ಹೆಂಗಸರು.
ಬಿಡಿಸಿದ್ದು ಇನ್ನೂರ ಎಂಬತ್ತಾರು ಪಿಶಿ,
ಡಬ್ಬದ ಬಾಯಿ ಅಂಗೈಯಲ್ಲಿ ಸವರಿ ಮಟ್ಟ ಮಾಡಿ ಅಳೆದದ್ದು.
ಪಿಶಿಗೆ ಮೂವತ್ನಾಲ್ಕು ಸೆಂಟು.

ನಾಲ್ಕರ ಸಾಲು ಸಲೀಸಾಗಿ ಇಳಿಯಿತು: ೧೧೪೪.
ಎಡಕ್ಕೆ ಒಂದು ಮನೆ ಬಿಟ್ಟು ಮೂರರ ಸಾಲು.
ಮೂರಾರ್ಲ ಹದಿನೆಂಟು, ಎಂಟು ಬರೆ, ಕೈಯಲ್ಲಿ ಒಂದು.
ಮೂರೆಂಟ್ಲ ಇಪ್ಪತ್ನಾಲ್ಕು, ಒಂದು ಸೇರಿ ಇಪ್ಪತ್ತೈದು,
ಐದು ಬರೆ, ಕೈಯಲ್ಲಿ ಎರಡು.
ಮೂರೆರಡ್ಲ ಆರು.

ಆರು ಅಂದೆ. ಆರೇ ಬರೆದೆ.

ಎಪ್ಪತ್ತೇಳು ಶಿಲ್ಲಿಂಗು, ಇಪ್ಪತ್ನಾಲ್ಕು ಸೆಂಟು.
ಎಣಿಸಿ ಮೇಜಿನ ಮೇಲಿಟ್ಟೆ. ಯಾರೂ ಮುಟ್ಟಲಿಲ್ಲ.

ಜುವೇನಾ ಹೊಸ್ತಿಲಾಚೆ ಕುಕ್ಕರಗಾಲಲ್ಲಿ ಕೂತಿದ್ದಳು,
ಲವಂಗದ ತೊಟ್ಟು ಹಿಡಿದು, ಧೂಳಿನ ಮೇಲೆ.
ರಾತ್ರಿಶಾಲೆಗೆ ಎರಡು ಮಳೆಗಾಲ ಹೋದವಳು.
ಅವಳ ಮೂರು ಹೊಟ್ಟೆ ಉಬ್ಬಿದ ಮೂರು, ಎಂಟು ಅಡ್ಡ ಬಿದ್ದ ಎಂಟು.
ನನಗಿಂತ ನಿಧಾನ. ನಗು ಬಂತು, ನುಂಗಿದೆ.
ಒಂದೊಂದು ಅಂಕಿಗೂ ತುಟಿ ಅಲ್ಲಾಡಿಸಿ,
ಅಳಿಸಿ, ಮತ್ತೆ ಬರೆದು,
ಕೊನೆಗೆ ತೊಟ್ಟನ್ನು ಹಲ್ಲಿಗೆ ಕಚ್ಚಿಕೊಂಡು ಎದ್ದು ಬಂದಳು.

"ಖೆಲೆಫ್, ಕೈ ತೆರೆ."

ತೆರೆದೆ. ಮಸಿ ಇತ್ತು, ಬೆವರಿತ್ತು.

"ಎರಡು ಎಲ್ಲಿ?
ಎಂಟರ ಮನೆಯಿಂದ ಹೊರಟದ್ದು
ಎರಡರ ಮನೆಗೆ ಬರಲೇ ಇಲ್ಲವಲ್ಲ.
ಕೈಯಲ್ಲೇ ಉಳಿಯಿತೋ?"

ಆ ಮನೆಯಲ್ಲಿ ಎರಡೆಂದರೆ ಎರಡು ಸಾವಿರ ಸೆಂಟು.
ಇಪ್ಪತ್ತು ಶಿಲ್ಲಿಂಗು. ಸರಿಯಾಗಿ ಇಪ್ಪತ್ತು,
ಒಂದು ಸೆಂಟೂ ಆಚೀಚೆ ಇಲ್ಲ.
ಮರೆವು ಅಂದೆ. ಧಣಿಯೂ ಮರೆವೇ ಅಂದರು.
ಈಗ ನನಗೆ ಎಪ್ಪತ್ತು. ಕೇಳಿದವರಿಗೆ ಈಗಲೂ ಹಾಗೇ ಅನ್ನುತ್ತೇನೆ.
ಆರು ಅನ್ನುವಾಗ ಹೆಬ್ಬೆರಳು
ಎರಡು ಬೆರಳನ್ನು ಒತ್ತಿ ಹಿಡಿದಿತ್ತು;
ಬೆರಳಿಗೆ ನೆನಪಿತ್ತು. ಅಷ್ಟು ಮಾತ್ರ ಬಲ್ಲೆ.

ಆಮೇಲಿನ ಪ್ರತಿ ಶುಕ್ರವಾರ
ಎಂಟು ಜನ ಮೇಜಿನ ಸುತ್ತ ನಿಲ್ಲುತ್ತಿದ್ದರು.
ನಾನು ಗಟ್ಟಿಯಾಗಿ ಗುಣಿಸಬೇಕು, ಅವರು ಗೊಣಗುತ್ತ ಹಿಂಬಾಲಿಸುವರು.
ಕೈಯಲ್ಲಿ ಏನನ್ನೂ ಇಟ್ಟುಕೊಳ್ಳುವ ಹಾಗಿಲ್ಲ,
ದಶಕವೆಲ್ಲ ಅಂಕಿಯ ನೆತ್ತಿಯ ಮೇಲೆ ಕಾಣಬೇಕು.
ಸಾಸಿವೆಯಷ್ಟು ಸಣ್ಣದಾಗಿ ಬರೆದರೆ
ಜುವೇನಾ ತೊಟ್ಟಿನಿಂದ ಕಾಗದ ಕುಟ್ಟುವಳು:

ಇನ್ನೂ ದೊಡ್ಡದಾಗಿ ಬರೆ.