ಐವತ್ತಮೂರನೆಯ ಹೆಸರು

ದುರ್ಗಿಗುಡಿಯಿಂದ ಶುರು, ಬೆಳಿಗ್ಗೆ ಹತ್ತೂವರೆಗೆ.
ಬ್ಯಾಗಿನಲ್ಲಿ ಮೆಷಿನ್ನು, ಮೆಷಿನ್ನಿನ ಬಾಯಲ್ಲಿ ಕಾಗದದ ನಾಲಿಗೆ.
ಕತ್ತಲಾಗುವುದರೊಳಗೆ ಐವತ್ತೆರಡು ಮಂದಿ.
ಯಾರ ಕೈ ಹೇಗೆ ದುಡ್ಡು ಬಿಡುತ್ತದೆಂದು
ಹತ್ತೊಂಬತ್ತು ವರ್ಷದಿಂದ ನೋಡಿದ್ದೇನೆ.

ಗಾಂಧಿ ಬಜಾರಿನ ದ್ಯಾಮಕ್ಕನ ನೋಟು
ಹೂಬುಟ್ಟಿಯ ಒದ್ದೆ ಬಟ್ಟೆಯ ಕೆಳಗಿನದು,
ಎಣಿಸುವಾಗ ಬೆರಳಿಗೆ ತಣ್ಣಗೆ ಅಂಟುತ್ತದೆ.
ಕಟಿಂಗ್ ಶಾಪಿನ ರೇವಣ್ಣ ಕನ್ನಡಿಯಲ್ಲೇ ನನ್ನ ಕಂಡು
ಕತ್ತರಿ ನಿಲ್ಲಿಸದೆ ಗದ್ದದಲ್ಲಿ ಡ್ರಾಯರು ತೋರಿಸುತ್ತಾನೆ:
ತಗೊಳ್ಳಿ ಅಕ್ಕ, ನಲವತ್ತು.
ನಾನು ನಲವತ್ತೇ ತಗೊಳ್ಳುತ್ತೇನೆ. ಅವನು ತಿರುಗಿ ನೋಡುವುದಿಲ್ಲ.
ದಿನಕ್ಕೊಮ್ಮೆ ನನಗಾಗುವ ಸನ್ಮಾನ ಅದು.
ಬಟ್ಟೆ ಅಂಗಡಿಯವರು ಐನೂರು ಕೊಡುವಾಗಲೂ
ಯಾರೋ ಕಿತ್ತುಕೊಂಡ ಹಾಗೆ ಮುಖ ಮಾಡುತ್ತಾರೆ.
ಕಬ್ಬಿನಹಾಲಿನ ಏಳುಮಲೈ, ಇಲ್ಲದ ದಿನ, ಇವತ್ತಿಲ್ಲ ಅನ್ನುತ್ತಾನೆ,
ಈ ಥಂಡೀಲಿ ಯಾರು ಕುಡೀತಾರೆ ಎಂದು ನಗುತ್ತಾನೆ,
ಒಂದು ಲೋಟ ನನಗೇ ಹಿಡಿಯುತ್ತಾನೆ, ಶುಂಠಿ ಜಾಸ್ತಿ ಹಾಕಿ.
ಇಲ್ಲ ಅನ್ನುವುದು ಅಷ್ಟು ಸಲೀಸೆಂದು
ನನಗೆ ಯಾರೂ ಹೇಳಿರಲಿಲ್ಲ.

ದುಡ್ಡೇ ದೊಡ್ಡಪ್ಪ ಅನ್ನುತ್ತಾರೆ.
ನಮ್ಮ ನಿಜವಾದ ದೊಡ್ಡಪ್ಪ ಬಂದರೆ, ಗೇಟಿನ ಸದ್ದಿಗೇ
ನಾನು ಬಚ್ಚಲ ಹಂಡೆಯ ಹಿಂದೆ.
ಹದಿನೇಳರ ಮಗ್ಗಿ ಕೇಳುತ್ತಿದ್ದರು.
ಆ ಅಭ್ಯಾಸ ಹೋಗಲಿಲ್ಲ.
ಊರಿನ ದುಡ್ಡು ಪೈಸೆ ತಪ್ಪದೆ ಎಣಿಸಿ ಸೊಸೈಟಿಗೆ ಕಟ್ಟಿ ಬಂದವಳು
ನನ್ನ ಮೊಬೈಲಿಗೆ ಬ್ಯಾಂಕಿನ ಮೆಸೇಜು ಬಂದರೆ
ಮಗುಚಿ ಇಡುತ್ತಿದ್ದೆ.
ತಂಗಿಯ ಬಾಣಂತನಕ್ಕೆ ಅಡವಿಟ್ಟ ಎರಡು ಬಳೆ,
ಆ ಬಳೆಗಳ ನೋಟಿಸು
ಕ್ಯಾಲೆಂಡರಿನ ಹಿಂದೆ, ಒಡೆಯದೆ, ಒಂದರ ಮೇಲೊಂದು.
ಕ್ಯಾಲೆಂಡರು ಗೋಡೆ ಬಿಟ್ಟು ಮುಂದೆ ಬಂದು
ಬಸುರಿಯ ಹಾಗೆ ನಿಂತಿತ್ತು.

ಬಸ್ ಸ್ಟ್ಯಾಂಡಿನ ಹಿಂದಿನ ಪಂಕ್ಚರ್ ಅಂಗಡಿಯಲ್ಲಿ
ಸೈಫುಲ್ಲಾ ಟ್ಯೂಬನ್ನು ಬಾನಿಯಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದ.
ಇಪ್ಪತ್ತು ಕೊಟ್ಟ, ಗ್ರೀಸಿನ ಹೆಬ್ಬೆಟ್ಟು ಸಮೇತ. ಸುಮ್ಮನೆ ಕೇಳಿದ:
ಮೇಡಂ, ನಿಮ್ಮ ಪಿಗ್ಮಿ ಯಾರ ಹತ್ರ?
ಚೀಟಿ ಹರಿಯುತ್ತಾ ನಕ್ಕೆ. ಅವನು ನಗಲಿಲ್ಲ,
ಗುಳ್ಳೆ ಸಿಕ್ಕಿತ್ತು.
ಬರೀ ಗಾಳಿ ಹೊಡ್ಕೊಂಡು ಎಷ್ಟು ದಿನ ಓಡಿಸ್ತೀರಿ ಅಂದ,
ಟ್ಯೂಬಿನ ಯಜಮಾನನಿಗೆ.

ಆ ರಾತ್ರಿ ಅನ್ನಕ್ಕಿಟ್ಟು ಲಕೋಟೆ ಒಡೆದೆ.
ಹನ್ನೊಂದು. ಎಲ್ಲದರಲ್ಲೂ ಅದೇ ಮಾತು, ಬಡ್ಡಿ ಮಾತ್ರ ಬೇರೆ.
ಹರಾಜಿಗೆ ಇನ್ನೂ ಇಪ್ಪತ್ತಾರು ದಿನ.
ಮೊತ್ತ ಸಣ್ಣದೇನಲ್ಲ.
ಆದರೆ ಅದಕ್ಕೊಂದು ಕೊನೆಯ ಅಂಕಿ ಇತ್ತು,
ಹೆದರಿಕೆಗೆ ಇರಲಿಲ್ಲ.
ಅನ್ನ ತಳ ಹಿಡಿಯಿತು. ಹಾಗೇ ಉಂಡೆ, ಮೊಸರು ಹಾಕಿಕೊಂಡು.
ಬಹಳ ದಿನದ ಮೇಲೆ ಹಸಿವಾಗಿತ್ತು.

ಒಂದು ಬಳೆ ಮಾರಿ ಇನ್ನೊಂದನ್ನು ಬಿಡಿಸಿಕೊಂಡೆ.
ಒಂಟಿ ಬಳೆ ಸದ್ದು ಮಾಡುವುದಿಲ್ಲ,
ಚೀಟಿ ಹರಿಯುವಾಗ ಮೆಷಿನ್ನಿಗೆ ತಾಗಿದರೆ ಉಂಟು, ಅಷ್ಟೇ.
ನಿಮ್ಮ ದುಡ್ಡಿಗೆ ನಿಮಗೇ ಕಮಿಷನ್ನಾ, ಎಂದು ಮ್ಯಾನೇಜರು
ಕನ್ನಡಕದ ಮೇಲಿಂದ ನೋಡಿ ಸಹಿ ಹಾಕಿದರು.
ಪ್ರಫುಲ್ಲ ಬಿ. ಎಸ್., ದಿನಕ್ಕೆ ಮೂವತ್ತು.

ಎಲ್ಲ ಮುಗಿದ ಮೇಲೆ ತುಂಗೆಯ ಸೇತುವೆ ದಾಟಿ
ಸ್ಕೂಟರು ನಿಲ್ಲಿಸುತ್ತೇನೆ.
ಪರ್ಸಿನಿಂದ ಮೂವತ್ತು ತೆಗೆದು ಬ್ಯಾಗಿಗೆ ಹಾಕಿ
ಚೀಟಿ ಹರಿದು ನನಗೇ ಕೊಡುತ್ತೇನೆ.
ಹಿಂದೆ ಕೂತ ಗಾಳಿಯೂ ನಗುತ್ತದೆ, ನಗಲಿ.
ಕೆಲವು ದಿನ ಆ ಮೂವತ್ತು ಕಬ್ಬಿನಹಾಲಿಗೆ ಹೋಗಿರುತ್ತದೆ,
ಬೇಕೆಂದೇ, ಕಾಸು ಕೊಟ್ಟು, ಶುಂಠಿ ಜಾಸ್ತಿ ಹೇಳಿ.
ಇವತ್ತಿಲ್ಲ ಅನ್ನುತ್ತೇನೆ ಕೇಳಲು ಬಂದವಳಿಗೆ.
ಅವಳೂ ಹತ್ತೊಂಬತ್ತು ವರ್ಷ ನಡೆದವಳು,
ಸರಿ, ನಾಳೆ ಬರ್ತೀನಿ ಎಂದು
ಗಾಡಿ ಸ್ಟಾರ್ಟ್ ಮಾಡುತ್ತಾಳೆ.