ಬಿಲ್ಲೆ

ಹಟ್ಟಿಯ ಗಣಿಬಾಯಲ್ಲಿ ಇಪ್ಪತ್ತೆಂಟು ವರ್ಷ
ಪಾಳಿಯ ಬಿಲ್ಲೆ ಕೊಟ್ಟು ಇಸಕೊಂಡವನು ಕಾಸಿಂಪೀರ.
ಹಲಗೆಯ ಮೊಳೆ ಖಾಲಿ ಇದ್ದರೆ
ಕೆಳಗೆ ಇನ್ನೂ ಒಬ್ಬರಿದ್ದಾರೆ ಎಂದರ್ಥ.
ಮೇಲೆ ಬಂದವರ ಮುಖಕ್ಕೆಲ್ಲ ಒಂದೇ ಧೂಳು.
"ಮಾರಿ ಯಾರು ನೋಡ್ತಾರವ್ವ,
ಕೆಮ್ಮು ಕೇಳಿದ್ರ ಸಾಕು, ಯಾರ ಮನಿಯವ ಅಂತ ಹೇಳ್ತಿದ್ದೆ."

ಸುಮಾರಾಗಿ ಅದೇ ಕೆಲಸ ನನ್ನದೂ,
ರಾಯಚೂರಿನ ಲ್ಯಾಬಿನಲ್ಲಿ,
ಕಿಟಕಿಯ ಬಿಸಿಲಿಗೆ ಹಳೆ ಎಕ್ಸರೇ ಅಂಟಿಸಿ.

ಧೂಳಿನ ಸಮೀಕ್ಷೆಗೆಂದು ತೆಗೆದ ರಕ್ತ,
ಆ ರೋಗದ ಹೆಸರು ಯಾರ ಬಾಯಿಗೂ ಬರುವ ಮೊದಲು.
ದ್ರವ ನೈಟ್ರೋಜನ್ನಿನ ಕೊಡದಲ್ಲಿ ಮಲಗಿದ್ದ ಬಿಳಿಕಣಗಳನ್ನು
ಮೊನ್ನೆ ಎಬ್ಬಿಸಿದೆ, ಉಗುರುಬೆಚ್ಚಗೆ.
ತಟ್ಟೆಯ ಗುಳಿಗಳಿಗೆ ವೈರಸ್ಸಿನ ಚೂರು ಬಡಿಸಿದೆ:
ಹೆಸರಿನ ಬದಲು ನಂಬರು ಹೊತ್ತ ನಾಲ್ಕು ನೆಗಡಿ,
ಒಂಟೆಯಿಂದ ಇಳಿದದ್ದೊಂದು,
ಕೊನೆಗೆ, ನಮ್ಮೆಲ್ಲರ ಬಾಯಿ ಕಟ್ಟಿಸಿದ್ದು.

ಎಚ್ಚೆತ್ತ ಕಣ ಒಂದು ನೀಲಿ ಚುಕ್ಕಿ ಬಿಡುತ್ತದೆ.
ನೆಗಡಿಯ ಗುಳಿಗಳಲ್ಲಿ ಚುಕ್ಕಿಗೆ ಚುಕ್ಕಿ ಒತ್ತಿಕೊಂಡು;
ಒಂಟೆಯದರಲ್ಲಿ ಎರಡು, ಅವೂ ಅನುಮಾನ.
ಕೊನೆಯದರಲ್ಲಿ
ಹದಿನಾಲ್ಕು.
ಕನ್ನಡಕ ಒರೆಸಿ ಮತ್ತೆ ಎಣಿಸಿದೆ. ಹದಿನಾಲ್ಕೇ.
ಎಂದೂ ಕಾಣದವನನ್ನು ಕಂಡು ಎದ್ದು ನಿಂತವು.

ಕಿರೀಟ ನೋಡುವವು ಪ್ರತಿಕಾಯಗಳು,
ವೇಷ ಬದಲಾದರೆ ಬಾಗಿಲಲ್ಲೇ ಮೋಸಹೋಗುತ್ತವೆ.
ಇವು ಒಡೆದ ಚೂರಿನ ಎಲುಬು ಮುಟ್ಟಿ
ಬೆಡಗು ಹೇಳುವವು.

"ನಂಟರೇ ಇರಬೇಕು ಬಿಡು," ಫೋನಿನಲ್ಲಿ ನಕ್ಕ ಕಾಸಿಂಪೀರ,
"ಮನಿತನದ ಕೆಮ್ಮು."
ಸ್ವಲ್ಪ ಹೊತ್ತು ಬಿಟ್ಟು,
"ನಮ್ಮ ಹುಸೇನ್‌ಬೀದು?"

ಕಲ್ಲು ಆರಿಸುವ ಬೆಲ್ಟಿನಲ್ಲಿದ್ದವಳು. ಎರಡನೇ ಅಲೆಯಲ್ಲಿ,
ಲಿಂಗಸುಗೂರಿನ ದಾರಿಯಲ್ಲಿ, ಆಂಬುಲೆನ್ಸಿನೊಳಗೇ.
ಸುಳ್ಳು ಹೇಳಬಹುದಿತ್ತು.
ಮೂವತ್ತೊಂಬತ್ತು, ಅಂದೆ.

"ನನಗಿಂತ ಜಾಸ್ತಿ ಗುರ್ತು ಹಿಡಿದಾವು. ಮತ್ಯಾಕ ಹೋದ್ಳು?"

ಗುರುತು ಹಿಡಿಯುವುದು ಬೇರೆ, ಗೇಟು ಹಾಕುವುದು ಬೇರೆ.
ಒಮ್ಮೊಮ್ಮೆ ಹಳೆಯ ನೆನಪು ಹಳೆಯ ಬೀಗದ ಕಡೆಗೇ ಓಡುತ್ತದೆ,
ಒಮ್ಮೊಮ್ಮೆ ಕಾವಲಿನವರ ಪಂಜಿನಿಂದಲೇ ಮನೆ ಸುಡುತ್ತದೆ.
ಅವಳದು ಯಾವುದೆಂದು ತಟ್ಟೆಯಲ್ಲಿಲ್ಲ.
ಇದನ್ನೆಲ್ಲ ಹೇಳಲಿಲ್ಲ.
"ಗೊತ್ತಿಲ್ರಿ ಕಾಕಾ."

"ಆ ಕಣ... ಇನ್ನೂ ಜೀವ ಅದಾವೇನು?"

ಒಂದು ನಳಿಗೆ ಉಳಿದಿದೆ, ಕೊಡದ ತಳದಲ್ಲಿ.
"ಅದಾವ್ರಿ."

ಆ ಕಡೆ ಪಾಳಿಯ ಸೈರನ್ನು. ಅದು ಮುಗಿಯಲೆಂದು ಕಾದ.
"ನಂಬರ್ ಹೇಳವ್ವ."
"ನೂರಾ ಹದಿನೇಳು."
ಪೆನ್ನು ಹುಡುಕುವ ಸದ್ದು.
"ಬರಕೊಂಡೆ," ಅಂದ.